ಜ್ವರದ ಜೊತೆ ಮಾತು, ನಡವಳಿಕೆ ಬದಲಾಯಿತೇ? ವೈರಸ್ ಮೆದುಳು, ನರಗಳಿಗೆ ಹೇಗೆ ಹಾನಿ ಮಾಡುತ್ತದೆ? ಥಾಣೆ, ಡೊಂಬಿವಲಿ ಕನ್ನಡಿಗರು ತಿಳಿದಿರಬೇಕಾದ ಮಾಹಿತಿ ಇಲ್ಲಿದೆ

ಡೊಂಬಿವಲಿ: ಮಳೆಗಾಲ ಶುರುವಾದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಭಾಗದಲ್ಲಿ ಜ್ವರ ಇಲ್ಲದ ಮನೆ ಸಿಗುವುದು ಕಷ್ಟ. ಹೆಚ್ಚಿನವರು ಒಂದು ಪ್ಯಾರಾಸಿಟಮಾಲ್ ನುಂಗಿ, ಮೂರು ದಿನ ನೋಡೋಣ ಎಂದು ಸುಮ್ಮನಿರುತ್ತಾರೆ. ಬಹುತೇಕ ವೈರಲ್ ಜ್ವರಗಳಿಗೆ ಅಷ್ಟು ಸಾಕು ಕೂಡ. ಕೆಲವು ದಿನಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ.

ಆದರೆ ಜ್ವರ ಬಂದವರು ಮನೆಯವರ ಹೆಸರು ಮರೆತರೆ, ಅಸಂಬದ್ಧವಾಗಿ ಮಾತನಾಡಿದರೆ, ಎಬ್ಬಿಸಿದರೂ ಏಳದಷ್ಟು ಮಂಪರಿನಲ್ಲಿದ್ದರೆ ಅಥವಾ ಫಿಟ್ಸ್ ಬಂದರೆ ಲೆಕ್ಕ ಬದಲಾಗುತ್ತದೆ. ಅಲ್ಲಿಂದ ಮುಂದೆ ಎಣಿಸಬೇಕಾದ್ದು ದಿನಗಳನ್ನಲ್ಲ, ಗಂಟೆಗಳನ್ನು. ಸೋಂಕು ಮೆದುಳನ್ನು ಮುಟ್ಟಿರಬಹುದು ಎಂಬುದಕ್ಕೆ ಇವು ಮೊದಲ ಸೂಚನೆಗಳು.

ಹಾಗಾದರೆ ವೈರಸ್‌ಗಳು ಮೆದುಳು, ನರಮಂಡಲವನ್ನು ತಲುಪುವುದು ಹೇಗೆ? ಯಾವ ಸೋಂಕಿಗೆ ಲಸಿಕೆ ಇದೆ, ಯಾವುದಕ್ಕೆ ಔಷಧ ಇದೆ? ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ಏನು ಹೇಳಬೇಕು? ಇಲ್ಲಿದೆ ಸಂಪೂರ್ಣ ವಿವರ.

ಮೆದುಳಿಗೆ ಕಾವಲಿದ್ದರೂ ವೈರಸ್ ಒಳಹೋಗುವುದು ಹೇಗೆ?

ಮೆದುಳಿನ ರಕ್ತನಾಳಗಳ ಒಳಪದರದ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ರಕ್ತದಲ್ಲಿರುವ ಹೆಚ್ಚಿನ ರೋಗಾಣುಗಳು, ಎಷ್ಟೋ ಔಷಧಗಳು ಸಹ ಇದನ್ನು ದಾಟಿ ಒಳಹೋಗಲಾರವು. ಈ ಕಾವಲು ಗೋಡೆಯನ್ನು ವೈರಸ್‌ಗಳು ಮುಖ್ಯವಾಗಿ ಮೂರು ದಾರಿಯಲ್ಲಿ ತಪ್ಪಿಸಿಕೊಳ್ಳುತ್ತವೆ.

ಮೊದಲನೆಯದು ರಕ್ತದ ದಾರಿ. ಸೊಳ್ಳೆ ಅಥವಾ ಉಣ್ಣೆ ಕಚ್ಚಿದಾಗ ದೇಹ ಸೇರುವ ವೈರಸ್ ಮೊದಲು ರಕ್ತದಲ್ಲಿ ಹೆಚ್ಚುತ್ತದೆ, ನಂತರ ಗೋಡೆ ಸಡಿಲವಾದಲ್ಲಿ ಮೆದುಳಿಗೆ ನುಗ್ಗುತ್ತದೆ. ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ಹೀಗೆ ಮಾಡುತ್ತದೆ. ಎಚ್‌ಐವಿಯಂಥ ವೈರಸ್ ನಮ್ಮದೇ ಬಿಳಿ ರಕ್ತಕಣಗಳ ಒಳಗೆ ಅಡಗಿ ಗಡಿ ದಾಟುತ್ತದೆ.

ಎರಡನೆಯದು ನರದ ದಾರಿ. ರೇಬಿಸ್ ವೈರಸ್ ಕಚ್ಚಿದ ಜಾಗದ ನರ ಹಿಡಿದು ಮೆದುಳಿನತ್ತ ಹೊರಡುತ್ತದೆ. ಹರ್ಪಿಸ್ ಗುಂಪಿನ ವೈರಸ್‌ಗಳು ನರಗಳ ಗಂಟುಗಳಲ್ಲಿ ವರ್ಷಗಟ್ಟಲೆ ಮಲಗಿರುತ್ತವೆ.

ಮೂರನೆಯ ದಾರಿಯಲ್ಲಿ ವೈರಸ್ ಮೆದುಳಿಗೆ ಹೋಗುವುದೇ ಇಲ್ಲ. ಅದನ್ನು ಹೊಡೆಯಲು ದೇಹ ತಯಾರಿಸಿದ ರೋಗನಿರೋಧಕ ಶಕ್ತಿ ತಪ್ಪು ಗುರುತು ಹಿಡಿದು ನಮ್ಮದೇ ನರಗಳ ಮೇಲೆ ದಾಳಿ ಮಾಡುತ್ತದೆ. ಜ್ವರ ಬಿಟ್ಟ ಮೇಲೆ ಒಂದೆರಡು ವಾರಕ್ಕೆ ಕಾಲು ಸೋಲುವ ಗಿಲನ್–ಬಾರೆ ಸಿಂಡ್ರೋಮ್ ಇದಕ್ಕೆ ಉದಾಹರಣೆ.

ಮೆದುಳಿಗೇ ಉರಿಯೂತ ಆದರೆ ಅದು ಎನ್ಸೆಫಲೈಟಿಸ್. ಮೆದುಳಿನ ಹೊದಿಕೆಗೆ ಆದರೆ ಮೆನಿಂಜೈಟಿಸ್. ಜನರ ಬಾಯಲ್ಲಿ ಎರಡೂ ‘ಮೆದುಳು ಜ್ವರ’. ಮೆನಿಂಜೈಟಿಸ್‌ನಲ್ಲಿ ತಲೆನೋವು, ಕುತ್ತಿಗೆ ಬಿಗಿತ, ಬೆಳಕು ನೋಡಲಾಗದಿರುವುದು ಮುಂದಾಗಿ ಕಾಣುತ್ತದೆ. ಎನ್ಸೆಫಲೈಟಿಸ್‌ನಲ್ಲಿ ಗೊಂದಲ, ನಡವಳಿಕೆ ಬದಲಾವಣೆ, ಫಿಟ್ಸ್ ಮುಂದಾಗಿ ಕಾಣುತ್ತವೆ.

ಔಷಧ ಇರುವ ಮೆದುಳು ಜ್ವರ: ಕಾದಷ್ಟೂ ನಷ್ಟ

ತುಟಿಯ ಮೇಲೆ ಆಗಾಗ ಏಳುವ ಸಣ್ಣ ಗುಳ್ಳೆಗಳು ಬಹಳಷ್ಟು ಜನರಿಗೆ ಗೊತ್ತು. ಅದಕ್ಕೆ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್. ತೀರಾ ಅಪರೂಪಕ್ಕೆ ಇದೇ ವೈರಸ್ ಮೆದುಳಿಗೆ ಹೋಗುತ್ತದೆ. ಹೋದಾಗ ನೆನಪು, ಭಾಷೆ, ಭಾವನೆಗಳನ್ನು ನೋಡಿಕೊಳ್ಳುವ ಕಿವಿಯ ಪಕ್ಕದ ಭಾಗ, ಅಂದರೆ ಟೆಂಪೊರಲ್ ಲೋಬ್ ಮೇಲೆ ಹೆಚ್ಚು ದಾಳಿ ಮಾಡುತ್ತದೆ. ಹಾಗಾಗಿ ರೋಗಿಗೆ ಜ್ವರದ ಜೊತೆ ವಿಚಿತ್ರ ವರ್ತನೆ, ಮರೆವು, ಇಲ್ಲದ ವಾಸನೆ ಬಂದಂತಾಗುವುದು ಶುರುವಾಗುತ್ತದೆ. ಮನೆಯವರು ಇದನ್ನು ಮಾನಸಿಕ ತೊಂದರೆ, ಗಾಳಿ ಸೋಕು, ಕೆಲಸದ ಒತ್ತಡ ಎಂದುಕೊಂಡು ಎರಡು ಮೂರು ದಿನ ಕಳೆಯುವುದುಂಟು.

ಆ ದಿನಗಳೇ ದುಬಾರಿ. ಚಿಕಿತ್ಸೆ ಸಿಗದಿದ್ದರೆ ಈ ಕಾಯಿಲೆಯಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಸಾಯುತ್ತಾರೆ. ಅಸೈಕ್ಲೋವಿರ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಬೇಗ ಶುರುಮಾಡಿದರೆ ಸಾವಿನ ಪ್ರಮಾಣ ಬಹಳ ಕಡಿಮೆಯಾಗುತ್ತದೆ. ಹೀಗಾಗಿ ಅನುಮಾನ ಬಂದರೆ ವೈದ್ಯರು ಪರೀಕ್ಷಾ ವರದಿಗೆ ಕಾಯದೆ ಔಷಧ ಆರಂಭಿಸುತ್ತಾರೆ, ವರದಿ ಬಂದ ಮೇಲೆ ಮುಂದುವರಿಸಬೇಕೋ ನಿಲ್ಲಿಸಬೇಕೋ ತೀರ್ಮಾನಿಸುತ್ತಾರೆ. ಸಾಮಾನ್ಯವಾಗಿ 14ರಿಂದ 21 ದಿನ ಇಂಜೆಕ್ಷನ್ ಬೇಕಾಗುತ್ತದೆ. ಮಧ್ಯದಲ್ಲಿ ಚೇತರಿಸಿಕೊಂಡರೆಂದು ಡಿಸ್ಚಾರ್ಜ್ ಮಾಡಿಸಿಕೊಂಡು ಹೋಗುವುದು ಅಪಾಯ.

ರೇಬಿಸ್: ಲಕ್ಷಣಕ್ಕೆ ಮುಂಚೆ ತಡೆಯಬಹುದು, ನಂತರ ಇಲ್ಲ

ನಿಲ್ದಾಣದ ಹೊರಗೆ, ಸೊಸೈಟಿ ಗೇಟಿನಲ್ಲಿ, ಮಾರುಕಟ್ಟೆಯಲ್ಲಿ ಬೀದಿನಾಯಿಗಳ ಗುಂಪು ಈ ಭಾಗದವರಿಗೆ ಹೊಸದಲ್ಲ. ರಾತ್ರಿ ಕೊನೆಯ ಲೋಕಲ್ ಇಳಿದು ನಡೆದು ಬರುವವರಿಗೆ ಇದರ ಭಯ ಚೆನ್ನಾಗಿ ಗೊತ್ತು.

ಕಚ್ಚಿದ ನಂತರ ರೇಬಿಸ್ ವೈರಸ್ ಮೊದಲು ಸ್ನಾಯುವಿನಲ್ಲಿ ಉಳಿದು, ಬಳಿಕ ನರ ಸೇರಿ ನಿಧಾನವಾಗಿ ಮೇಲಕ್ಕೆ ಸಾಗುತ್ತದೆ. ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಒಂದು ವಾರದಲ್ಲೂ ಬರಬಹುದು, ಒಂದು ವರ್ಷವೂ ಆಗಬಹುದು. ಮುಖ, ಕುತ್ತಿಗೆ, ಕೈಬೆರಳಿಗೆ ಕಚ್ಚಿದರೆ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ನರಗಳು ದಟ್ಟ, ಮುಖ–ಕುತ್ತಿಗೆಯಿಂದ ಮೆದುಳಿಗೆ ದೂರವೂ ಕಡಿಮೆ. ಮಕ್ಕಳ ಎತ್ತರಕ್ಕೆ ನಾಯಿ ಕಚ್ಚುವುದು ಹೆಚ್ಚಾಗಿ ಇಂಥ ಜಾಗಕ್ಕೇ.

ವೈರಸ್ ಮೆದುಳು ಮುಟ್ಟುವ ಮೊದಲು ಲಸಿಕೆ ಸಿಕ್ಕರೆ ರೋಗ ಬರುವುದೇ ಇಲ್ಲ. ನೀರು ಕಂಡರೆ ಗಂಟಲು ಹಿಡಿಯುವ ಹಂತ ತಲುಪಿದರೆ ಬಹುತೇಕ ಎಲ್ಲರೂ ಸಾಯುತ್ತಾರೆ. ದೇಶದಲ್ಲಿ ವರ್ಷಕ್ಕೆ ಸುಮಾರು 5,700 ಮಂದಿ ರೇಬಿಸ್‌ನಿಂದ ಸಾಯುತ್ತಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ ಅಂದಾಜಿಸಿದೆ. ತಡೆಯಬಹುದಾಗಿದ್ದ ಸಾವುಗಳಿವು.

ನಾಯಿ, ಬೆಕ್ಕು, ಮಂಗ ಕಚ್ಚಿದರೆ ಅಥವಾ ಪರಚಿದರೆ ಮಾಡಬೇಕಾದ್ದು ಇಷ್ಟು:

* ಹರಿಯುವ ನೀರು, ಸೋಪಿನಿಂದ ಗಾಯವನ್ನು 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ. ಸೋಪು ಈ ವೈರಸ್‌ನ ಹೊರಪದರವನ್ನೇ ಒಡೆಯುತ್ತದೆ.
* ಅರಿಶಿನ, ಸುಣ್ಣ, ಖಾರದಪುಡಿ, ಕಾಫಿಪುಡಿ ಹಚ್ಚಬೇಡಿ.
* ಅದೇ ದಿನ ಹತ್ತಿರದ ಪಾಲಿಕೆ ಅಥವಾ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಮೊದಲ ಲಸಿಕೆಯ ದಿನವೇ ಸೊನ್ನೆ.
* ರಕ್ತ ಬರುವಂತೆ ಕಚ್ಚಿದ್ದರೆ ಲಸಿಕೆ ಮಾತ್ರ ಸಾಲದು. ಗಾಯದ ಒಳಗೂ ಸುತ್ತಲೂ ಇಮ್ಯುನೊಗ್ಲೋಬ್ಯುಲಿನ್ ಇಂಜೆಕ್ಷನ್ ಬೇಕು. ಆಸ್ಪತ್ರೆಯಲ್ಲಿ ಇದನ್ನು ಕೇಳಿ ಪಡೆಯಿರಿ.
* ಮೂರನೇ ಡೋಸ್ ನಂತರ ಊರಿಗೆ ಹೋಗಬೇಕಾಗಿ ಬಂದರೆ ಉಳಿದದ್ದನ್ನು ಊರಿನಲ್ಲೇ ಪೂರ್ಣಗೊಳಿಸಿ. ಚೀಟಿ ಜೊತೆಗಿರಲಿ.

ಮನೆಯ ಸಾಕು ನಾಯಿಮರಿ ಎಂಬ ಕಾರಣಕ್ಕೆ ಲಸಿಕೆ ಬಿಡಬೇಡಿ. ಮರಿಗಳಿಂದಲೂ ರೇಬಿಸ್ ಬರುತ್ತದೆ.

ಡೆಂಗ್ಯೂ, ಚಿಕುನ್‌ಗುನ್ಯಾ: ಪ್ಲೇಟ್‌ಲೆಟ್ ಒಂದೇ ವಿಷಯವಲ್ಲ

ಡೆಂಗ್ಯೂ ಎಂದ ಕೂಡಲೇ ಎಲ್ಲರೂ ಕೇಳುವುದು ಪ್ಲೇಟ್‌ಲೆಟ್ ಎಷ್ಟು ಎಂದು. ಆದರೆ ಡೆಂಗ್ಯೂ ಮೆದುಳಿಗೂ ತೊಂದರೆ ಕೊಡಬಹುದು. ಕೆಲವರಲ್ಲಿ ವೈರಸ್ ನೇರವಾಗಿ ಮೆದುಳು ಮುಟ್ಟುತ್ತದೆ. ಇನ್ನು ಕೆಲವರಲ್ಲಿ ಯಕೃತ್ತು ಕೈಕೊಟ್ಟು, ಸೋಡಿಯಂ ಇಳಿದು, ರಕ್ತದೊತ್ತಡ ಕುಸಿದು ಪ್ರಜ್ಞೆ ಮಂಕಾಗುತ್ತದೆ. ಅಪರೂಪಕ್ಕೆ ಮೆದುಳಿನಲ್ಲಿ ರಕ್ತಸ್ರಾವವೂ ಆಗುತ್ತದೆ. ಡೆಂಗ್ಯೂ ರೋಗಿಯಲ್ಲಿ ಅತಿಯಾದ ಮಂಪರು ಅಥವಾ ಚಡಪಡಿಕೆ ಕಂಡರೆ ಅದು ಅಪಾಯದ ಚಿಹ್ನೆ. ಜ್ವರ ಇಳಿದ ಮರುದಿನವೇ ಇದು ಬರಬಹುದು ಎಂಬುದು ಅನೇಕರಿಗೆ ಗೊತ್ತಿಲ್ಲ.

ಚಿಕುನ್‌ಗುನ್ಯಾ ಕನ್ನಡಿಗರಿಗೆ ಮರೆಯಲಾಗದ ಹೆಸರು. 2006ರಲ್ಲಿ ದೇಶದಲ್ಲಿ ಅದು ಮತ್ತೆ ಹಬ್ಬಿದಾಗ ಅತಿ ಹೆಚ್ಚು ಶಂಕಿತ ಪ್ರಕರಣ ದಾಖಲಾದದ್ದು ಕರ್ನಾಟಕದಲ್ಲಿ, 7 ಲಕ್ಷಕ್ಕೂ ಹೆಚ್ಚು. ಕೀಲುನೋವು ಅದರ ಗುರುತಾದರೂ ವೃದ್ಧರಲ್ಲಿ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಸೋಂಕು ತಗುಲಿದ ನವಜಾತ ಶಿಶುಗಳಲ್ಲಿ ಮೆದುಳಿನ ಉರಿಯೂತಕ್ಕೂ ಕಾರಣವಾಗುತ್ತದೆ.

ಎರಡನ್ನೂ ಹರಡುವುದು ಹಗಲು ಕಚ್ಚುವ ಈಡಿಸ್ ಸೊಳ್ಳೆ. ಅದು ಗಟಾರಕ್ಕಿಂತ ಹೆಚ್ಚಾಗಿ ನಮ್ಮ ಬಾಲ್ಕನಿಯ ಗಿಡದ ತಟ್ಟೆ, ಕೂಲರ್, ಟಾರ್ಪಾಲಿನ್ ಮಡಿಕೆ, ಕಟ್ಟಡ ಕೆಲಸದ ಜಾಗದ ತಿಳಿನೀರಿನಲ್ಲಿ ಬೆಳೆಯುತ್ತದೆ. ನೀರು ಸರಿಯಾಗಿ ಬರದ ಕಡೆ ಡ್ರಮ್ಮಿನಲ್ಲಿ ತುಂಬಿಸಿಡುವವರು ಮುಚ್ಚಳ ಹಾಕಬೇಕು, ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಬೇಕು.

ಗಮನಿಸಿ: ಯಾವ ಜ್ವರ ಎಂದು ಗೊತ್ತಾಗುವ ಮೊದಲು ಆಸ್ಪಿರಿನ್, ಐಬುಪ್ರೊಫೇನ್ ಬೇಡ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವ ಹೆಚ್ಚಬಹುದು. ವೈರಲ್ ಜ್ವರದಲ್ಲಿ ಮಕ್ಕಳಿಗೆ ಆಸ್ಪಿರಿನ್ ಕೊಟ್ಟರೆ ಮೆದುಳು, ಯಕೃತ್ತಿಗೆ ಹಾನಿಯಾಗುವ ರೈ ಸಿಂಡ್ರೋಮ್ ಬರುವ ಅಪಾಯವಿದೆ.

ಊರಿಗೆ ಹೋಗಿ ಬಂದಿರಾ? ವೈದ್ಯರಿಗೆ ಮೊದಲು ಹೇಳಿ

ಈ ಭಾಗದ ಕನ್ನಡಿಗರಲ್ಲಿ ಹೆಚ್ಚಿನವರಿಗೆ ಎರಡು ಮನೆ. ಒಂದು ಇಲ್ಲಿ, ಇನ್ನೊಂದು ಊರಲ್ಲಿ. ಡಿಸೆಂಬರ್ ರಜೆ, ಜಾತ್ರೆ, ಕೋಲ, ಮೇ ತಿಂಗಳ ಮದುವೆಗಳಿಗೆ ಹೋಗಿ ಬರುತ್ತಾರೆ. ಬರುವಾಗ ಕೆಲವೊಮ್ಮೆ ಇಲ್ಲಿನ ವೈದ್ಯರು ದಿನವೂ ನೋಡದ ಸೋಂಕು ಜೊತೆಗೆ ಬಂದಿರುತ್ತದೆ.

ಮಂಗನ ಕಾಯಿಲೆ: 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲು ಸಾಲಾಗಿ ಸತ್ತವು. ಅಕ್ಕಪಕ್ಕದ ಹಳ್ಳಿಯವರಿಗೆ ವಿಪರೀತ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಉಣ್ಣೆಯಿಂದ ಹರಡುವ ಹೊಸ ವೈರಸ್ ಪತ್ತೆ ಮಾಡಿದರು. ಅದೇ ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಈ ಕಾಯಿಲೆ ಕೆಲವರಲ್ಲಿ ಎರಡು ಅಲೆಯಲ್ಲಿ ಬರುತ್ತದೆ. ಮೊದಲು ತೀವ್ರ ಜ್ವರ, ಮೈಕೈ ನೋವು, ಕೆಲವರಿಗೆ ರಕ್ತಸ್ರಾವ. ಬಳಿಕ ಜ್ವರ ಬಿಡುತ್ತದೆ. ಒಂದೆರಡು ವಾರದ ನಂತರ ಕೆಲವು ರೋಗಿಗಳಲ್ಲಿ ಜ್ವರ ಮರಳಿ ಬರುತ್ತದೆ. ಆಗ ತೀವ್ರ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ, ಗೊಂದಲ ಕಾಣಿಸುತ್ತದೆ. ಅಂದರೆ ಊರಲ್ಲಿ ಜ್ವರ ಬಂದು ವಾಸಿಯಾಯಿತು ಎಂದು ರೈಲು ಹತ್ತಿದವರಿಗೆ ಎರಡನೇ ಅಲೆ ಡೊಂಬಿವಲಿಯ ಮನೆಯಲ್ಲಿ ಬರಬಹುದು. ಸಾವಿನ ಪ್ರಮಾಣ ಶೇ 3ರಿಂದ 5.

ಡಿಸೆಂಬರ್‌ನಿಂದ ಮೇ ವರೆಗೆ ಉಣ್ಣೆ ಮರಿಗಳ ಕಾಲ. 2018ರ ಕೊನೆ ಮತ್ತು 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಭಾಗದಲ್ಲಿ ಕಾಯಿಲೆ ಜೀವಗಳನ್ನು ಬಲಿ ಪಡೆದಿತ್ತು. ಇದು ಈಗ ಶಿವಮೊಗ್ಗಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು, ಗೋವಾದ ಸತ್ತರಿಯಲ್ಲಿ ಕಂಡಿದೆ. 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯ ದೋಡಾಮಾರ್ಗಕ್ಕೂ ತಲುಪಿತು. ಹಳೆಯ ಲಸಿಕೆಯ ಪರಿಣಾಮ ಸಾಲದು ಎಂದು ಅದರ ಬಳಕೆ 2022ರಲ್ಲಿ ನಿಂತಿದೆ. ಕಾಡು, ತೋಟಕ್ಕೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಕೈಕಾಲಿಗೆ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನ ಇವೇ ಸದ್ಯದ ರಕ್ಷಣೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಜಪಾನೀಸ್ ಎನ್ಸೆಫಲೈಟಿಸ್: ಗದ್ದೆ ನೀರಿನ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಹರಡುತ್ತದೆ. ನೀರುಹಕ್ಕಿ, ಹಂದಿಗಳಲ್ಲಿ ವೈರಸ್ ಹೆಚ್ಚುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ. ಸೋಂಕು ತಗುಲಿದ ಸುಮಾರು 250 ಮಂದಿಯಲ್ಲಿ ಒಬ್ಬರಿಗೆ ತೀವ್ರ ಕಾಯಿಲೆ ಬರುತ್ತದೆ. ಮೆದುಳಿಗೆ ಏರಿದರೆ ನೂರರಲ್ಲಿ 30ರವರೆಗೂ ಸಾವು ಸಂಭವಿಸಬಹುದು. ಬದುಕಿದ ಮಕ್ಕಳಲ್ಲೂ ಅನೇಕರಿಗೆ ಫಿಟ್ಸ್, ಕಲಿಕೆಯ ತೊಂದರೆ, ಕೈಕಾಲು ಬಲಹೀನತೆ ಉಳಿಯುತ್ತದೆ.

ಕರ್ನಾಟಕದಲ್ಲಿ 1970ರ ದಶಕದಿಂದಲೂ ಕೋಲಾರ ಭಾಗ ಇದರಿಂದ ನರಳಿದೆ. ವಿಶೇಷವೆಂದರೆ ಇದಕ್ಕೆ ಮದ್ದೂ ಕೋಲಾರದಿಂದಲೇ ಬಂತು. ಅಲ್ಲಿ ಸಿಕ್ಕ ವೈರಸ್ ತಳಿಯಿಂದ ರಾಷ್ಟ್ರೀಯ ವೈರಾಣು ಸಂಸ್ಥೆಯ ಸಹಯೋಗದಲ್ಲಿ ಭಾರತ್ ಬಯೋಟೆಕ್ ತಯಾರಿಸಿದ ‘ಜೆನ್‌ವ್ಯಾಕ್’ ಲಸಿಕೆ 2013ರಲ್ಲಿ ಬಿಡುಗಡೆಯಾಯಿತು. 2022ರ ಡಿಸೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಉಡುಪಿ, ದಕ್ಷಿಣ ಕನ್ನಡ, ಹಾಸನ, ಕಲಬುರಗಿ ಸೇರಿದಂತೆ ಇನ್ನೂ 10 ಜಿಲ್ಲೆಗಳಲ್ಲಿ 1ರಿಂದ 15 ವರ್ಷದ ಮಕ್ಕಳಿಗೆ ಜೆಇ ಲಸಿಕೆ ಅಭಿಯಾನ ನಡೆಸಿತು. ರೋಗ ಇರುವ ಜಿಲ್ಲೆಗಳಲ್ಲಿ ಇದು 9 ತಿಂಗಳು ಮತ್ತು 16ರಿಂದ 24 ತಿಂಗಳಲ್ಲಿ ಎರಡು ಡೋಸ್ ಆಗಿ ಸಿಗುತ್ತದೆ. ನಿಮ್ಮ ಮಗು ಹುಟ್ಟಿ ಬೆಳೆದದ್ದು ಇಲ್ಲಿಯಾಗಿದ್ದು, ರಜೆಗೆ ಇಂಥ ಜಿಲ್ಲೆಯ ಗದ್ದೆ ಬದಿಯ ಅಜ್ಜನ ಮನೆಗೆ ಹೋಗುತ್ತಿದ್ದರೆ ಲಸಿಕೆ ಬಗ್ಗೆ ಮಕ್ಕಳ ವೈದ್ಯರನ್ನು ಕೇಳಿ.

ಮಹಾರಾಷ್ಟ್ರದ ಹಳ್ಳಿಯ ಹೆಸರಿನ ವೈರಸ್

1965ರಲ್ಲಿ ನಾಗ್ಪುರ ಸಮೀಪದ ಚಾಂದಿಪುರ ಗ್ರಾಮದ ಇಬ್ಬರು ಜ್ವರ ರೋಗಿಗಳ ರಕ್ತದಲ್ಲಿ ಪುಣೆಯ ಇದೇ ಸಂಸ್ಥೆಯವರು ಹೊಸ ವೈರಸ್ ಕಂಡರು. ರೇಬಿಸ್ ವೈರಸ್‌ನ ಕುಟುಂಬಕ್ಕೆ ಸೇರಿದ ಇದನ್ನು ಮರಳು ನೊಣ ಹರಡುತ್ತದೆ. 15 ವರ್ಷದೊಳಗಿನ ಮಕ್ಕಳೇ ಇದರ ಗುರಿ. ಬೆಳಗ್ಗೆ ಜ್ವರ, ಸಂಜೆ ಫಿಟ್ಸ್, ಮರುದಿನ ಕೋಮಾ ಎಂಬಷ್ಟು ವೇಗವಾಗಿ ಕೆಡಬಹುದು. 2003ರಲ್ಲಿ ಆಂಧ್ರಪ್ರದೇಶ, ಮಹಾರಾಷ್ಟ್ರದಲ್ಲಿ ಹಲವು ಮಕ್ಕಳು ಬಲಿಯಾದರು. 2024ರ ಜೂನ್ ಆರಂಭದಿಂದ ಆಗಸ್ಟ್ 15ರ ವರೆಗೆ, ಮುಖ್ಯವಾಗಿ ಗುಜರಾತ್‌ನಲ್ಲಿ, 245 ತೀವ್ರ ಎನ್ಸೆಫಲೈಟಿಸ್ ಪ್ರಕರಣ, 82 ಸಾವು ವರದಿಯಾದವು. ಅವುಗಳಲ್ಲಿ 64 ಪ್ರಕರಣಗಳಲ್ಲಿ ಚಾಂದಿಪುರ ವೈರಸ್ ದೃಢಪಟ್ಟಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸಿದೆ. ಇದಕ್ಕೆ ಲಸಿಕೆಯಾಗಲಿ, ನಿರ್ದಿಷ್ಟ ಔಷಧವಾಗಲಿ ಇಲ್ಲ. ಬೇಗ ಐಸಿಯು ತಲುಪುವುದೇ ಮಗುವನ್ನು ಉಳಿಸುವ ದಾರಿ.

ಜ್ವರ ಬಿಟ್ಟ ಮೇಲೆ ಕಾಲು ಸೋತರೆ?

ಮೆಟ್ಟಿಲು ಹತ್ತಲು ಕಷ್ಟ, ಕುಳಿತಲ್ಲಿಂದ ಏಳಲಾಗದು, ಪಾದದಲ್ಲಿ ಜುಮ್ಮೆನ್ನುವುದು. ಎರಡು ಮೂರು ದಿನದಲ್ಲಿ ಬಲಹೀನತೆ ಕಾಲಿನಿಂದ ಕೈಗೆ ಏರುತ್ತದೆ. ಇದು ಗಿಲನ್–ಬಾರೆ ಸಿಂಡ್ರೋಮ್ ಇರಬಹುದು. ಜ್ವರ, ಶೀತ, ಭೇದಿ ಆಗಿ ಒಂದೆರಡು ವಾರಗಳ ಬಳಿಕ ರೋಗನಿರೋಧಕ ಶಕ್ತಿ ನರಗಳ ಹೊದಿಕೆ ಮೇಲೆ ದಾಳಿ ಮಾಡುವುದರಿಂದ ಹೀಗಾಗುತ್ತದೆ. 2025ರ ಜನವರಿಯಲ್ಲಿ ಪುಣೆಯ ಸಿಂಹಗಡ ರಸ್ತೆ ಭಾಗದಲ್ಲಿ ಇದೇ ಕಾಯಿಲೆ ಹಬ್ಬಿತ್ತು. ಅಲ್ಲಿ ಮುಖ್ಯ ಶಂಕೆ ಇದ್ದದ್ದು ಕಲುಷಿತ ನೀರಿನಿಂದ ಬರುವ ಕ್ಯಾಂಪೈಲೋಬ್ಯಾಕ್ಟರ್ ಬ್ಯಾಕ್ಟೀರಿಯಾ ಮೇಲೆ. ಡೆಂಗ್ಯೂ, ಚಿಕುನ್‌ಗುನ್ಯಾ, ಜೀಕಾ, ಕೋವಿಡ್ ನಂತರವೂ ಇದು ಬರಬಹುದು.

ವಿಟಮಿನ್ ಕೊರತೆ, ಸುಸ್ತು ಎಂದು ಟಾನಿಕ್ ಕುಡಿದು ಕಾಯುವುದೇ ಇಲ್ಲಿನ ತಪ್ಪು. ಉಸಿರಾಟದ ಸ್ನಾಯು ಸೋತರೆ ವೆಂಟಿಲೇಟರ್ ಬೇಕಾಗುತ್ತದೆ. ಇಮ್ಯುನೊಗ್ಲೋಬ್ಯುಲಿನ್ ಅಥವಾ ಪ್ಲಾಸ್ಮಾ ಬದಲಾವಣೆ ಚಿಕಿತ್ಸೆ ಬೇಗ ಸಿಕ್ಕಷ್ಟು ಒಳ್ಳೆಯದು. ಬಹುಪಾಲು ಜನ ಮತ್ತೆ ನಡೆಯುತ್ತಾರೆ, ಆದರೆ ತಿಂಗಳುಗಳ ಫಿಸಿಯೋಥೆರಪಿ ಬೇಕಾಗಬಹುದು.

ಇದ್ದಕ್ಕಿದ್ದಂತೆ ಮುಖದ ಒಂದು ಬದಿ ಜೋತು ಬಿದ್ದು, ಕಣ್ಣು ಮುಚ್ಚಲಾಗದಿದ್ದರೆ ಅದು ಬೆಲ್ಸ್ ಪಾಲ್ಸಿ ಇರಬಹುದು. ಹರ್ಪಿಸ್ ವೈರಸ್ ಜೊತೆ ಇದಕ್ಕೆ ನಂಟಿದೆ ಎನ್ನಲಾಗುತ್ತದೆ. 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುವಾದರೆ ಚೇತರಿಕೆ ಉತ್ತಮ. ಆದರೆ ಪಾರ್ಶ್ವವಾಯುವಿನಲ್ಲೂ ಮುಖ ಸೊಟ್ಟಗಾಗುವುದರಿಂದ ಅದೇ ಹೊತ್ತಿಗೆ ಆಸ್ಪತ್ರೆಗೆ ಹೋಗಲೇಬೇಕು.

ಸರ್ಪಸುತ್ತು, ನಾಗೀಣ್: ಎರಡೂ ಒಂದೇ

ಊರಲ್ಲಿ ಸರ್ಪಸುತ್ತು ಎನ್ನುವುದನ್ನೇ ಇಲ್ಲಿನ ಮರಾಠಿ ನೆರೆಹೊರೆಯವರು ನಾಗೀಣ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ಬಂದು ಹೋದ ಮೇಲೂ ಅದರ ವೈರಸ್ ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ಉಳಿದಿರುತ್ತದೆ. ವಯಸ್ಸಾದಾಗ, ಮಧುಮೇಹ, ಕ್ಯಾನ್ಸರ್ ಚಿಕಿತ್ಸೆಯಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಎದ್ದು ಒಂದು ನರದ ಉದ್ದಕ್ಕೂ ಬರುತ್ತದೆ. ಅದಕ್ಕೇ ಗುಳ್ಳೆಗಳು ದೇಹದ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುತ್ತವೆ. ತಲೆ, ಬಾಲ ಸೇರಿದರೆ ಸಾವು ಎಂಬ ಮಾತಿಗೆ ಆಧಾರವಿಲ್ಲ.

ನಿಜವಾದ ಭಯ ಬೇರೆ. ಗುಳ್ಳೆ ಒಣಗಿದರೂ ನರದ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಕಣ್ಣಿನ ಸುತ್ತ ಬಂದರೆ ದೃಷ್ಟಿಗೇ ಅಪಾಯ. ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ ಕಾಯುವ ಮೂರು ದಿನಗಳಲ್ಲೇ ಔಷಧದ ಸಮಯ ಮುಗಿದಿರುತ್ತದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುಮಾಡಬೇಕು. 50 ದಾಟಿದವರಿಗೆ ಲಸಿಕೆಯೂ ಇದೆ.

ಕೋವಿಡ್ ಮತ್ತು ದಡಾರ ಕಲಿಸಿದ್ದೇನು?

2021ರ ಡಿಸೆಂಬರ್‌ನಲ್ಲಿ ದೇಶದ ಮೊದಲ ಒಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿ ಪತ್ತೆಯಾದವು. ಎರಡು ದಿನದಲ್ಲೇ ಮಹಾರಾಷ್ಟ್ರದ ಮೊದಲ ಪ್ರಕರಣ ಕಲ್ಯಾಣ್–ಡೊಂಬಿವಲಿಯಲ್ಲಿ ಕಂಡಿತು. ಕೋವಿಡ್‌ನಲ್ಲಿ ವಾಸನೆ ಹೋದದ್ದು ಎಲ್ಲರಿಗೂ ನೆನಪಿದೆ. ವೈರಸ್ ವಾಸನೆಯ ನರಕ್ಕಿಂತ ಹೆಚ್ಚಾಗಿ ಅದನ್ನು ಪೋಷಿಸುವ ಮೂಗಿನ ಕೋಶಗಳಿಗೆ ಹಾನಿ ಮಾಡಿತ್ತು. ಹೀಗಾಗಿಯೇ ಬಹಳ ಮಂದಿಗೆ ವಾಸನೆ ಮರಳಿತು. ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಆದದ್ದೂ ಇದೆ. ಮರೆವು, ಏಕಾಗ್ರತೆಯ ಕೊರತೆ ತಿಂಗಳುಗಟ್ಟಲೆ ಕಾಡಿದ್ದೂ ಇದೆ. ಇಂಥವರನ್ನು ಸೋಮಾರಿ ಎನ್ನುವುದು ತಪ್ಪು.

ದಡಾರದ ಲೆಕ್ಕ ವರ್ಷಗಳದ್ದು. 2022ರ ಕೊನೆಯಲ್ಲಿ ಮುಂಬೈ, ಮಾಲೆಗಾಂವ್ ಜೊತೆ ಥಾಣೆ ಜಿಲ್ಲೆಯ ಭಿವಂಡಿಯಲ್ಲೂ ದಡಾರ ಹಬ್ಬಿತ್ತು. ಮಗುವಾಗಿದ್ದಾಗ ದಡಾರ ಬಂದ ಕೆಲವರಲ್ಲಿ ವೈರಸ್ ಮೆದುಳಿನಲ್ಲೇ ಉಳಿದು, ಆರರಿಂದ ಹತ್ತು ವರ್ಷಗಳ ನಂತರ ಎಸ್‌ಎಸ್‌ಪಿಇ ಎಂಬ ಕಾಯಿಲೆ ತರುತ್ತದೆ. ಶಾಲೆಯಲ್ಲಿ ಅಂಕ ಇಳಿಯುವುದು, ಕೈಯಿಂದ ವಸ್ತು ಬೀಳುವುದು, ಮೈ ಬೆಚ್ಚಿಬೀಳುವುದರಿಂದ ಅದು ಶುರುವಾಗುತ್ತದೆ. ಇದಕ್ಕೆ ವಾಸಿಮಾಡುವ ಔಷಧವಿಲ್ಲ. 9 ತಿಂಗಳು ಮತ್ತು 16ರಿಂದ 24 ತಿಂಗಳ ನಡುವಿನ ಎರಡು ಲಸಿಕೆಯೇ ತಡೆ. ಹೆರಿಗೆಗೆ ಊರಿಗೆ ಹೋಗಿ, ಮಗುವಿನೊಂದಿಗೆ ವಾಪಸಾದ ಕುಟುಂಬಗಳಲ್ಲಿ ಎರಡನೇ ಡೋಸ್ ತಪ್ಪುವ ಸಾಧ್ಯತೆ ಹೆಚ್ಚು. ಒಮ್ಮೆ ಕಾರ್ಡ್ ತೆಗೆದು ನೋಡಿ.

ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆಯೇ?

ಇಲ್ಲ. ಮೆದುಳು ಜ್ವರದ ಅನುಮಾನವಿದ್ದಾಗ ವೈದ್ಯರು ಎಂಆರ್‌ಐ, ಇಇಜಿ ಜೊತೆ ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸಲು ಅನುಮತಿ ಕೇಳುತ್ತಾರೆ. ಹೆದರಿಕೆಯಿಂದ ಬೇಡ ಎನ್ನುವ ಕುಟುಂಬಗಳಿವೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೊದಲೆರಡು ಮೂಳೆಗಳ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಚುಚ್ಚುವುದು ಅದಕ್ಕಿಂತ ಕೆಳಗೆ. ಕೆಲವರಿಗೆ ಒಂದೆರಡು ದಿನ ತಲೆನೋವು ಬರಬಹುದು. ಆದರೆ ಕಾರಣ ವೈರಸ್ಸೋ, ಬ್ಯಾಕ್ಟೀರಿಯಾವೋ, ಕ್ಷಯವೋ ಎಂದು ತಿಳಿಯಲು ಇದರಷ್ಟು ಉಪಯುಕ್ತ ಪರೀಕ್ಷೆ ಇನ್ನೊಂದಿಲ್ಲ. ಕ್ಷಯದ ಮೆನಿಂಜೈಟಿಸ್, ಮಲೇರಿಯಾ ಕೂಡ ಹೀಗೆಯೇ ಕಾಣುತ್ತವೆ, ಅವಕ್ಕೆ ಚಿಕಿತ್ಸೆಯೇ ಬೇರೆ.

ನಿಮ್ಮ ತಾಯಿಗೆ ಕನ್ನಡ ಮಾತ್ರ ಬರುತ್ತದೆಯೇ?

ಇದು ಹೊರನಾಡಿನ ಮನೆಗಳಿಗೆ ವಿಶೇಷ. ಪ್ರಜ್ಞೆ ಸರಿಯಿದೆಯೇ ಎಂದು ನೋಡಲು ವೈದ್ಯರು ಹೆಸರೇನು, ಇವತ್ತು ಯಾವ ವಾರ, ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಇಲ್ಲಿ ಆ ಪ್ರಶ್ನೆ ಬರುವುದು ಮರಾಠಿ ಅಥವಾ ಹಿಂದಿಯಲ್ಲಿ. ಊರಿಂದ ಬಂದ ತಾಯಿ ಉತ್ತರಿಸದಿದ್ದರೆ ಭಾಷೆ ಬಾರದು ಎಂದು ಬಿಟ್ಟುಬಿಡಬಹುದು. ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ಕೇಳಿದರೂ ತಪ್ಪು ಹೇಳುತ್ತಿದ್ದಾರೆ ಎಂಬುದು ಗೊತ್ತಾಗುವುದು ನಿಮಗೆ ಮಾತ್ರ. ಅದನ್ನು ಗಟ್ಟಿಯಾಗಿ ಹೇಳಿ.

ವೈದ್ಯರಿಗೆ ತಪ್ಪದೆ ತಿಳಿಸಬೇಕಾದ್ದು:

* ಜ್ವರ ಯಾವ ದಿನ ಶುರುವಾಯಿತು, ನಡವಳಿಕೆ ಬದಲಾದದ್ದು ಯಾವ ಗಂಟೆಗೆ
* ಕಳೆದ ಒಂದು ತಿಂಗಳಲ್ಲಿ ಹೋಗಿ ಬಂದ ಊರು, ಜಿಲ್ಲೆ, ಕಾಡು, ತೋಟ, ಗದ್ದೆ
* ಸೊಳ್ಳೆ, ಉಣ್ಣೆ ಕಡಿತ. ಕಳೆದ ಒಂದು ವರ್ಷದಲ್ಲಿ ನಾಯಿ, ಬೆಕ್ಕು, ಮಂಗನ ಕಡಿತ
* ಮಕ್ಕಳ ಲಸಿಕೆ ಕಾರ್ಡ್, ಈಗ ನುಂಗುತ್ತಿರುವ ಮಾತ್ರೆಗಳು, ಮಧುಮೇಹ ಇದೆಯೇ ಎಂಬ ವಿವರ

ಫಿಟ್ಸ್ ಬಂದಾಗ ಏನು ಮಾಡಬೇಕು?

ರೋಗಿಯನ್ನು ಒಂದು ಬದಿಗೆ ಮಲಗಿಸಿ. ಕುತ್ತಿಗೆಯ ಬಟ್ಟೆ ಸಡಿಲಿಸಿ. ಸಮಯ ನೋಡಿ. ಬಾಯಿಗೆ ಚಮಚ, ಬಟ್ಟೆ, ನೀರು ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ, ಮತ್ತೆ ಮತ್ತೆ ಬಂದರೆ, ನಿಂತ ಮೇಲೂ ಎಚ್ಚರ ಬಾರದಿದ್ದರೆ ತಕ್ಷಣ 108ಕ್ಕೆ ಕರೆ ಮಾಡಿ. 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ಬರೀ ಜ್ವರಕ್ಕೂ ಫಿಟ್ಸ್ ಬರುತ್ತದೆ, ಹೆಚ್ಚಿನವು ಅಪಾಯಕಾರಿಯಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ವೈದ್ಯರು.

ಕಳವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ, ಕಲ್ಯಾಣ್‌ನ ರುಕ್ಮಿಣಿಬಾಯಿ ಆಸ್ಪತ್ರೆ, ಡೊಂಬಿವಲಿಯ ಶಾಸ್ತ್ರಿನಗರ ಆಸ್ಪತ್ರೆ, ವಾಶಿಯ ಪಾಲಿಕೆ ಆಸ್ಪತ್ರೆ ಈ ಭಾಗದ ಪ್ರಮುಖ ಸಾರ್ವಜನಿಕ ಆಸ್ಪತ್ರೆಗಳು. ನಿಮ್ಮ ಮನೆಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ಐಸಿಯು, ಎಂಆರ್‌ಐ, ನರರೋಗ ತಜ್ಞರು ಸಿಗುತ್ತಾರೆ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯರಾತ್ರಿ ರಿಕ್ಷಾದಲ್ಲಿ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವ ಎರಡು ಗಂಟೆ ಅದರಿಂದ ಉಳಿಯುತ್ತದೆ.

ಜ್ವರ ಬಂದವರೆಲ್ಲ ಹೆದರಬೇಕಿಲ್ಲ. ದಿನಕ್ಕೆ ಎರಡು ಬಾರಿ ಥರ್ಮಾಮೀಟರ್ ನೋಡುವಾಗ ಅವರೊಂದಿಗೆ ಎರಡು ಮಾತನ್ನೂ ಆಡಿ. ಉತ್ತರ ಎಂದಿನಂತಿದ್ದರೆ ವಿಶ್ರಾಂತಿ, ನೀರು, ಗಂಜಿ ಸಾಕಾಗಬಹುದು. ಉತ್ತರ ಬೇರೆಯಾದರೆ ಬೆಳಗಾಗಲಿ ಎಂದು ಕಾಯಬೇಡಿ.

(ಗಮನಿಸಿ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ರೋಗ ಪತ್ತೆ ಹಾಗೂ ಚಿಕಿತ್ಸೆಗೆ ತಜ್ಞ ವೈದ್ಯರನ್ನೇ ಸಂಪರ್ಕಿಸಿ.)